ಒಂದು ಕಾರು, ನಾಲ್ಕು ಇಸವಿ: ಮೂಡಿಗೆರೆಯ ಎಸ್‌ಎಲ್‌ಕೆ ಕಾರಿನ ತಯಾರಿಕಾ ವರ್ಷ ನಿರ್ಣಯಿಸಿದ ಪ್ರಕರಣ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರರೊಬ್ಬರ ಬಳಿ ಇದ್ದ, ಎರಡೇ ಸೀಟಿನ ಮರ್ಸಿಡಿಸ್ ಬೆಂಜ್ ಎಸ್‌ಎಲ್‌ಕೆ 350 ಕಾರನ್ನು ಹಾಸನದ ವ್ಯಾಪಾರಿಯೊಬ್ಬರು ಕೊಳ್ಳಲು ಮುಂದಾದಾಗ ಎದ್ದ ಪ್ರಶ್ನೆಯನ್ನೂ ಅದಕ್ಕೆ ಉತ್ತರ ಕಂಡುಕೊಂಡ ಬಗೆಯನ್ನೂ ಇಲ್ಲಿ ದಾಖಲಿಸಲಾಗಿದೆ. ಪ್ರಶ್ನೆ ಮೇಲ್ನೋಟಕ್ಕೆ ಸರಳವಾದದ್ದು: ಈ ಕಾರು ಯಾವ ಇಸವಿಯದು? ಆರ್‌ಸಿ ಕಾರ್ಡಿನಲ್ಲಿ ತಯಾರಿಕೆಯ ತಿಂಗಳು ಮಾರ್ಚ್ 2008 ಎಂದಿತ್ತು. ವಿಮಾ ಪಾಲಿಸಿಯಲ್ಲಿ 2007 ಎಂದಿತ್ತು. ಖರೀದಿದಾರರ ಮಗ ಚಾಸಿ ನಂಬರನ್ನು ಮೊಬೈಲ್ ಆ್ಯಪ್ ಒಂದಕ್ಕೆ ತುಂಬಿ ನೋಡಿದಾಗ ಅದು 2002 ಎಂದು ತೋರಿಸಿತಲ್ಲದೆ, ಈ ಸಂಖ್ಯೆಯೇ ಸರಿಯಿಲ್ಲ ಎಂಬ ಕೆಂಪಕ್ಷರದ ಎಚ್ಚರಿಕೆಯನ್ನೂ ಕೊಟ್ಟಿತು. ಅಲ್ಲಿಯವರೆಗೆ ಸರಾಗವಾಗಿ ಬಂದಿದ್ದ ವ್ಯವಹಾರ ಅಲ್ಲಿಗೆ ನಿಂತಿತು. ಕದ್ದ ಗಾಡಿಯೇನೋ ಎಂಬ ಅನುಮಾನ ಕೊಳ್ಳುವವರಿಗೆ, ಬೆಲೆ ಇಳಿಸಲು ಹೂಡಿದ ನೆಪ ಇದು ಎಂಬ ಅನುಮಾನ ಮಾರುವವರಿಗೆ. ಕೊನೆಗೆ ಇಬ್ಬರೂ ಒಪ್ಪಿ, ವಾಹನ ಮೌಲ್ಯಮಾಪನ ಮಾಡುವ ನನ್ನ ಬಳಿಗೆ ಕಾಗದಪತ್ರಗಳೊಂದಿಗೆ ಬಂದರು.

ಇಸವಿಯ ಮೇಲೆ ಇಷ್ಟೊಂದು ಜಗ್ಗಾಟ ಏಕೆ ಎಂಬುದನ್ನು ಮೊದಲು ಹೇಳಬೇಕು. ಹಳೆಯ ಕಾರುಗಳಲ್ಲಿ ಒಂದೆರಡು ವರ್ಷದ ವ್ಯತ್ಯಾಸದಿಂದ ಬೆಲೆ ಬಹಳ ಏರುಪೇರಾಗುವುದಿಲ್ಲ. ವಿಮೆಯಲ್ಲಿಯೂ ಐದು ವರ್ಷ ದಾಟಿದ ವಾಹನದ ಘೋಷಿತ ಮೌಲ್ಯವನ್ನು ಕಂಪನಿ ಮತ್ತು ಮಾಲೀಕರು ಮಾತನಾಡಿಕೊಂಡೇ ನಿಗದಿ ಮಾಡುತ್ತಾರೆ. ಆದರೆ ಈ ಕಾರಿನ ವಿಷಯದಲ್ಲಿ 2008 ಎಂಬುದು ಒಂದು ಗಡಿರೇಖೆ. ಎರಡನೆಯ ತಲೆಮಾರಿನ ಎಸ್‌ಎಲ್‌ಕೆ, ಅಂದರೆ ಕಂಪನಿಯೊಳಗೆ ಆರ್171 ಎಂದು ಕರೆಯಲಾಗುವ ಕಾರು, 2004ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಹೊರಬಂದು 2011ರವರೆಗೆ ಜರ್ಮನಿಯ ಬ್ರೆಮೆನ್ ಕಾರ್ಖಾನೆಯಲ್ಲಿ ತಯಾರಾಯಿತು. ನಡುವೆ, 2008ರ ಜನವರಿಯಲ್ಲಿ, ಡೆಟ್ರಾಯಿಟ್ ಪ್ರದರ್ಶನದಲ್ಲಿ ಅದರ ಪರಿಷ್ಕೃತ ರೂಪ ಬಂತು. ಮುಂದಿನ ಮತ್ತು ಹಿಂದಿನ ಬಂಪರ್, ಹಿಂದಿನ ದೀಪಗಳು, ಪಕ್ಕದ ಕನ್ನಡಿ, ಸ್ಟೀರಿಂಗ್ ಚಕ್ರ ಇವೆಲ್ಲ ಬದಲಾದವು. ಅದಕ್ಕಿಂತ ಮುಖ್ಯವಾಗಿ, 350ರ ಆರು ಸಿಲಿಂಡರಿನ ಎಂಜಿನ್ 272 ಅಶ್ವಶಕ್ತಿಯಿಂದ 305 ಅಶ್ವಶಕ್ತಿಗೆ ಏರಿತು. ಆದ್ದರಿಂದ ‘2008ರ ಮಾಡೆಲ್’ ಎಂದು ಮಾರುವವರು ಹೇಳಿದಾಗ ಕೊಳ್ಳುವವರ ಕಿವಿಗೆ ಅದು ‘ಹೊಸ ರೂಪ, ಹೊಸ ಎಂಜಿನ್’ ಎಂದೇ ಕೇಳಿಸುತ್ತದೆ. ಕೇಳಿದ ಬೆಲೆಯೂ ಆ ಲೆಕ್ಕದ್ದೇ ಆಗಿತ್ತು.

ಹಳೆಯ ಎಂಜಿನ್ನಿಗೆ ಇನ್ನೊಂದು ತೊಡಕೂ ಇದೆ. ಎಂ272 ಎಂದು ಹೆಸರಾದ ಈ ವಿ6 ಎಂಜಿನ್ನಿನ ಕಂಪನವನ್ನು ತಗ್ಗಿಸಲು ಒಳಗೆ ಒಂದು ಸಮತೋಲನ ಶಾಫ್ಟ್ ಇರುತ್ತದೆ. ಮೊದಲ ಕೆಲವು ವರ್ಷಗಳ ಎಂಜಿನ್ನುಗಳಲ್ಲಿ ಆ ಶಾಫ್ಟಿನ ಹಲ್ಲುಚಕ್ರದ ಲೋಹ ಬೇಗ ಸವೆಯುವಂಥದ್ದಾಗಿತ್ತು. ಹಲ್ಲು ಸವೆದಂತೆ ಟೈಮಿಂಗ್ ಚೈನಿನ ಲೆಕ್ಕ ತಪ್ಪಿ, ಎಂಜಿನ್ನಿನ ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿನ ಸ್ಥಾನದ ದೋಷಸಂಕೇತಗಳೊಂದಿಗೆ ಎಂಜಿನ್ ದೀಪ ಹತ್ತಿಕೊಳ್ಳುತ್ತದೆ. ಬಿಡಿಭಾಗ ದೊಡ್ಡದಲ್ಲ, ಆದರೆ ಅದನ್ನು ಬದಲಿಸಲು ಎಂಜಿನ್ನನ್ನೇ ಕೆಳಗಿಳಿಸಬೇಕು. ಎಂಜಿನ್ ನಂಬರಿನ ಕೊನೆಯ ಆರು ಅಂಕಿಗಳು 468993ರವರೆಗೆ ಇರುವ ಎಂಜಿನ್ನುಗಳು ಹಳೆಯ ಹಲ್ಲುಚಕ್ರದವು, ಅದರಿಂದ ಮುಂದಿನವು ಬದಲಾದ ಹಲ್ಲುಚಕ್ರದವು ಎಂಬ ಗಡಿ ಈ ಕಾರುಗಳನ್ನು ಬಲ್ಲವರೆಲ್ಲರಿಗೂ ಗೊತ್ತು. ಹೀಗಾಗಿ ಇಸವಿಯ ಪ್ರಶ್ನೆಯೊಳಗೆ ಎಂಜಿನ್ನಿನ ಆಯುಷ್ಯದ ಪ್ರಶ್ನೆಯೂ ಸೇರಿಕೊಂಡಿತ್ತು.

ಇಂಥ ಕೆಲಸದಲ್ಲಿ ಮೊದಲು ಮಾಡಬೇಕಾದದ್ದು ಇಸವಿಯನ್ನು ಹುಡುಕುವುದಲ್ಲ. ಎದುರಿಗಿರುವ ಕಾರು ಕಾಗದದಲ್ಲಿರುವ ಕಾರೇ ಹೌದೇ ಎಂದು ಖಚಿತಪಡಿಸಿಕೊಳ್ಳುವುದು. ಬೇರೊಂದು ಚಾಸಿಯ ಮೇಲೆ ಕುಳಿತ ಬಾಗಿಲು, ಗಾಜುಗಳ ಇಸವಿ ತಿಳಿದು ಪ್ರಯೋಜನವಿಲ್ಲ. ಲೋಹದ ಮೇಲೆ ಕೊರೆದ ಚಾಸಿ ನಂಬರು, ತಗಡಿನ ಗುರುತುಪಟ್ಟಿಯ ನಂಬರು, ಆರ್‌ಸಿಯ ನಂಬರು ಮತ್ತು ಕೀಲಿ ತಿರುಗಿಸುವ ಜಾಗದಲ್ಲಿರುವ ಎಲೆಕ್ಟ್ರಾನಿಕ್ ಘಟಕದೊಳಗೆ ದಾಖಲಾಗಿರುವ ನಂಬರು, ಈ ನಾಲ್ಕನ್ನೂ ಅಕ್ಷರ ಅಕ್ಷರವಾಗಿ ಹೋಲಿಸಲಾಯಿತು. ಕೊನೆಯದನ್ನು ಡಯಾಗ್ನೋಸ್ಟಿಕ್ ಯಂತ್ರ ಜೋಡಿಸಿ ಓದಬೇಕು. ಆ ಘಟಕವು ಕೀಲಿಯೊಂದಿಗೆ ಜೋಡಿಯಾಗಿರುವುದರಿಂದ ಅದನ್ನು ಬದಲಿಸಿ ಮೋಸ ಮಾಡುವುದು ತಗಡನ್ನು ಬದಲಿಸಿದಷ್ಟು ಸುಲಭವಲ್ಲ. ನಾಲ್ಕೂ ಒಂದೇ ಆಗಿದ್ದವು. ಕೊರೆದ ಅಂಕಿಗಳ ಸುತ್ತ ಉಜ್ಜಿದ, ವೆಲ್ಡ್ ಮಾಡಿದ ಗುರುತುಗಳೂ ಇರಲಿಲ್ಲ. ಕದ್ದ ಗಾಡಿಯ ಅನುಮಾನವನ್ನು ಅಲ್ಲಿಯೇ ಬದಿಗಿಡಲಾಯಿತು.

ಹಾಗಿದ್ದರೆ ಆ್ಯಪ್ ಏಕೆ ಆ ನಂಬರನ್ನು ಸರಿಯಿಲ್ಲ ಎಂದಿತು, ಎಲ್ಲಿಂದ 2002 ತಂದಿತು? ಈ ಪ್ರಕರಣದಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ ಭಾಗ ಇದೇ, ಏಕೆಂದರೆ ಇದೇ ತಪ್ಪು ಓದಿನಿಂದ ಬೇರೆ ಕಾರುಗಳ ವ್ಯವಹಾರಗಳೂ ಕೆಡುವುದನ್ನು ಕಂಡಿದ್ದೇನೆ.

ಚಾಸಿ ನಂಬರು ಹದಿನೇಳು ಅಕ್ಷರ-ಅಂಕಿಗಳದ್ದು. ಐಎಸ್‌ಒ 3779 ಎಂಬ ಅಂತರರಾಷ್ಟ್ರೀಯ ಮಾನಕ ಅದರ ಚೌಕಟ್ಟನ್ನು ಹೇಳುತ್ತದೆ. 1, 0 ಅಂಕಿಗಳೊಂದಿಗೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಅಮೆರಿಕದಲ್ಲಿ 1981ರ ಮಾದರಿ ವರ್ಷದಿಂದ (ಕಾರನ್ನು ತಯಾರಕರು ಯಾವ ವರ್ಷದ ಮಾಡೆಲ್ ಎಂದು ಕರೆಯುತ್ತಾರೋ ಅದು ಮಾದರಿ ವರ್ಷ) ಈ ಹದಿನೇಳರ ಪದ್ಧತಿ ಕಡ್ಡಾಯವಾಯಿತು, ಮತ್ತು ಅಲ್ಲಿನ ನಿಯಮವು ಎರಡು ಸ್ಥಾನಗಳಿಗೆ ನಿರ್ದಿಷ್ಟ ಅರ್ಥ ಕೊಟ್ಟಿತು. ಒಂಬತ್ತನೆಯದು ತಾಳೆ ಅಂಕಿ, ಅಂದರೆ ಉಳಿದ ಹದಿನಾರನ್ನು ಒಂದು ಸೂತ್ರಕ್ಕೆ ಹಾಕಿ ಹನ್ನೊಂದರಿಂದ ಭಾಗಿಸಿದಾಗ ಬರುವ ಶೇಷ. ಹತ್ತನೆಯದು ಮಾದರಿ ವರ್ಷ. ಎ ಎಂದರೆ 1980, ಬಿ ಎಂದರೆ 1981, ಹೀಗೆ ಸಾಗಿ ವೈ ಎಂದರೆ 2000. ನಂತರ 1ರಿಂದ 9ರವರೆಗಿನ ಅಂಕಿಗಳು 2001ರಿಂದ 2009ಕ್ಕೆ. ಮತ್ತೆ 2010ಕ್ಕೆ ಎ. ಮೂವತ್ತು ವರ್ಷಕ್ಕೊಮ್ಮೆ ಚಕ್ರ ತಿರುಗುತ್ತದೆ. ಸಾಮಾನ್ಯವಾಗಿ ಸಿಗುವ ಆ್ಯಪ್‌ಗಳು ಈ ಅಮೆರಿಕನ್ ಪಟ್ಟಿಯನ್ನೇ ಇಟ್ಟುಕೊಂಡು ಜಗತ್ತಿನ ಎಲ್ಲ ಕಾರುಗಳನ್ನೂ ಓದಲು ಹೊರಡುತ್ತವೆ. ಆದರೆ ಹತ್ತನೆಯ ಸ್ಥಾನದಲ್ಲಿ ವರ್ಷ ಇರಲೇಬೇಕೆಂದು ಅಂತರರಾಷ್ಟ್ರೀಯ ಮಾನಕ ಕಡ್ಡಾಯ ಮಾಡಿಲ್ಲ.

ನಮ್ಮ ಕಾರಿನ ನಂಬರು ಡಬ್ಲ್ಯೂಡಿಬಿ ಎಂದು ಆರಂಭವಾಗಿ, ಬಳಿಕ 171456, ಬಳಿಕ 2, ಬಳಿಕ ಎಫ್, ಕೊನೆಗೆ ಆರು ಅಂಕಿಗಳ ಕ್ರಮಸಂಖ್ಯೆ ಎಂಬಂತೆ ಇತ್ತು. ಅಮೆರಿಕದ ಹೊರಗಿನ ಮಾರುಕಟ್ಟೆಗೆ ಮರ್ಸಿಡಿಸ್ ಆ ಕಾಲದಲ್ಲಿ ನಂಬರು ಕೊಡುತ್ತಿದ್ದ ಕ್ರಮ ಹೀಗಿದೆ: ಮೊದಲ ಮೂರು ತಯಾರಕರ ಗುರುತು, ನಾಲ್ಕರಿಂದ ಒಂಬತ್ತರವರೆಗಿನ ಆರು ಸ್ಥಾನಗಳು ಕಾರಿನ ಮಾದರಿ ಸಂಖ್ಯೆ, ಹತ್ತನೆಯದು ಸ್ಟೀರಿಂಗ್ ಯಾವ ಬದಿಗಿದೆ ಎಂಬುದು, ಎಡಕ್ಕಿದ್ದರೆ 1, ಬಲಕ್ಕಿದ್ದರೆ 2, ಹನ್ನೊಂದನೆಯದು ಕಾರ್ಖಾನೆ, ಇಲ್ಲಿ ಎಫ್ ಎಂದರೆ ಬ್ರೆಮೆನ್. ಅಂದರೆ ಆ್ಯಪ್ 2002 ಎಂದು ಓದಿದ್ದು ಕಾರಿನ ವಯಸ್ಸನ್ನಲ್ಲ, ಸ್ಟೀರಿಂಗ್ ಬಲಗಡೆ ಇದೆ ಎಂಬ ಸಂಗತಿಯನ್ನು. ಈ ಪದ್ಧತಿಯಲ್ಲಿ ನಂಬರು ಪಡೆದು ಭಾರತಕ್ಕೆ ಬಂದ ಬಲಗಡೆ ಸ್ಟೀರಿಂಗಿನ ಮರ್ಸಿಡಿಸ್ ಕಾರು ಯಾವುದೇ ಇರಲಿ, ಅಂಥ ಆ್ಯಪ್‌ಗೆ ಅದು 2002ರದ್ದಾಗಿಯೇ ಕಾಣುತ್ತದೆ. ತಾಳೆ ಅಂಕಿಯ ದೂರೂ ಹಾಗೆಯೇ: ಒಂಬತ್ತನೆಯ ಸ್ಥಾನದ 6 ಇಲ್ಲಿ ತಾಳೆ ಅಂಕಿಯೇ ಅಲ್ಲ, 171456 ಎಂಬ ಮಾದರಿ ಸಂಖ್ಯೆಯ ಕೊನೆಯ ಅಂಕಿ. ಸ್ವಲ್ಪ ಸಾಮಾನ್ಯ ಜ್ಞಾನದಿಂದಲೂ 2002 ಅನ್ನು ತಳ್ಳಿಹಾಕಬಹುದಿತ್ತು. ಆರ್171 ಹುಟ್ಟಿದ್ದೇ 2004ರಲ್ಲಿ.

ಎಲ್ಲ ಯುರೋಪಿಯನ್ ಕಾರುಗಳೂ ಹೀಗೆಯೇ ಎಂದು ಇದರಿಂದ ಭಾವಿಸಬಾರದು. ಪೋರ್ಷೆ ಕಂಪನಿಯು ಅಮೆರಿಕದ ಹೊರಗಿನ ಕಾರುಗಳಿಗೆ ನಾಲ್ಕರಿಂದ ಆರನೆಯ ಸ್ಥಾನಗಳಲ್ಲಿ ಮೂರು ಝಡ್ ಅಕ್ಷರಗಳನ್ನು ತುಂಬಿದರೂ ಹತ್ತನೆಯ ಸ್ಥಾನದಲ್ಲಿ ಮಾದರಿ ವರ್ಷವನ್ನು ಉಳಿಸಿಕೊಂಡಿದೆ. ಅಮೆರಿಕಕ್ಕೆ ಹೋದ ಇದೇ ಎಸ್‌ಎಲ್‌ಕೆ ಕಾರಿನ ನಂಬರಿನಲ್ಲಿಯೂ ಹತ್ತನೆಯದು ವರ್ಷವೇ. ಒಂದೇ ಕಾರ್ಖಾನೆ, ಒಂದೇ ಕಾರು, ಎರಡು ವ್ಯಾಕರಣ. ಯಾವ ತಯಾರಕರು, ಯಾವ ಮಾರುಕಟ್ಟೆಗೆ ಎಂದು ಕೇಳದೆ ಹತ್ತನೆಯ ಸ್ಥಾನಕ್ಕೆ ಕೈಹಾಕಬಾರದು.

ಇನ್ನು ಆರ್‌ಸಿಯ 2008. ಇದನ್ನು ಅಷ್ಟು ಹಗುರವಾಗಿ ತಳ್ಳಿಹಾಕಲಾಗದು. ಅದು ಸರ್ಕಾರಿ ದಾಖಲೆ. ‘ಆರ್‌ಸೀಲೇ 2008 ಅಂತ ಇದೆಯಲ್ಲ ಸಾರ್, ಅದಕ್ಕಿಂತ ಇನ್ನೇನು ಬೇಕು?’ ಎಂದು ಬೆಳೆಗಾರರು ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ನಮ್ಮ ಆರ್‌ಸಿಯಲ್ಲಿ ಮಾದರಿ ವರ್ಷ ಎಂಬ ಕಾಲಂ ಇರುವುದಿಲ್ಲ. ತಯಾರಿಕೆಯ ತಿಂಗಳು-ವರ್ಷ ಒಂದು, ನೋಂದಣಿಯ ದಿನಾಂಕ ಇನ್ನೊಂದು. ಬೆಳೆಗಾರರ ಕಾರ್ಡಿನಲ್ಲಿ ನೋಂದಣಿಯ ದಿನಾಂಕ 2008ರ ಮಾರ್ಚ್ ತಿಂಗಳ ಮೊದಲ ವಾರದ್ದು, ತಯಾರಿಕೆ ಕೂಡ 2008ರ ಮಾರ್ಚ್. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅಸಾಧ್ಯವೊಂದು ಕಣ್ಣಿಗೆ ಬೀಳುತ್ತದೆ. ಬ್ರೆಮೆನ್‌ನಲ್ಲಿ ಜೋಡಣೆಯಾದ ಕಾರು ಹಡಗು ಹತ್ತಿ, ವಾರಗಟ್ಟಲೆ ಸಮುದ್ರದಲ್ಲಿ ಸಾಗಿ, ಬಂದರಿನಲ್ಲಿ ಸುಂಕ ಕಟ್ಟಿಸಿಕೊಂಡು, ಬೆಂಗಳೂರಿನ ಶೋರೂಂ ತಲುಪಿ, ಮಾರಾಟವಾಗಿ, ಅದೇ ತಿಂಗಳ ಮೊದಲ ವಾರದಲ್ಲಿಯೇ ನೋಂದಣಿಯಾಗುವುದು ಸಾಧ್ಯವಿಲ್ಲ. ಹಳೆಯ ಕಾಗದದ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವಾಗ ತಯಾರಿಕೆಯ ತಿಂಗಳು ಸಿಗದಿದ್ದರೆ ನೋಂದಣಿಯ ತಿಂಗಳನ್ನೇ ಅಲ್ಲಿಯೂ ತುಂಬಿಬಿಡುವ ಸಂಭವವುಂಟು. ಈ ಕಾರ್ಡಿನಲ್ಲಿಯೂ ಹಾಗೆಯೇ ಆಗಿರಬೇಕು ಎಂಬುದು ನನ್ನ ಊಹೆ. ಅದರಲ್ಲಿ ಯಾರದೂ ದುರುದ್ದೇಶ ಕಾಣುವುದಿಲ್ಲ.

ಅಷ್ಟೇ ಅಲ್ಲ, 2008 ಎಂದು ಹೇಳುತ್ತಿದ್ದ ಅದೇ ಕಾರ್ಡು ತನ್ನ ಮಾತನ್ನು ತಾನೇ ಅಲ್ಲಗಳೆಯುತ್ತಿತ್ತು. ಅದರಲ್ಲಿ ಮುದ್ರಿತವಾಗಿದ್ದ ಎಂಜಿನ್ ನಂಬರಿನ ಮೊದಲ ಆರು ಅಂಕಿಗಳು 272963. ಅದು 272 ಅಶ್ವಶಕ್ತಿಯ, ಪರಿಷ್ಕರಣೆಗೆ ಮೊದಲಿನ ಎಸ್‌ಎಲ್‌ಕೆ 350ರ ಎಂಜಿನ್ನು. ಪರಿಷ್ಕೃತ ಕಾರಿನ 305 ಅಶ್ವಶಕ್ತಿಯ ಎಂಜಿನ್ನಿನ ನಂಬರು 272969 ಎಂದು ಆರಂಭವಾಗುತ್ತದೆ. ಎಂಜಿನ್ನಿನ ಮೇಲೆ ಕೊರೆದಿದ್ದ ನಂಬರನ್ನು ಟಾರ್ಚ್ ಹಿಡಿದು ಓದಿದಾಗಲೂ ಅದೇ 272963 ಸಿಕ್ಕಿತು. ಆರ್‌ಸಿಯ ಘನ ಸಾಮರ್ಥ್ಯದ ಕಾಲಂ ಮಾತ್ರ ಇಲ್ಲಿ ನೆರವಿಗೆ ಬರುವುದಿಲ್ಲ. ಎರಡೂ ಎಂಜಿನ್ನುಗಳು 3498 ಸಿಸಿಯವೇ. ಖರೀದಿದಾರರು ಮೊದಲು ತಾಳೆ ನೋಡಿದ್ದು ಆ ಕಾಲಮ್ಮನ್ನೇ, ಆದ್ದರಿಂದಲೇ ಅವರಿಗೆ ವ್ಯತ್ಯಾಸ ಕಂಡಿರಲಿಲ್ಲ. ಮತ್ತೆ, ಪರಿಷ್ಕೃತ ಕಾರು ಯುರೋಪಿನಲ್ಲಿಯೇ ಮಾರಾಟಕ್ಕೆ ಬಂದದ್ದು 2008ರ ವಸಂತದಲ್ಲಿ. ಮಾರ್ಚ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದ ಕಾರು ಆ ರೂಪದ್ದಾಗಿರಲು ದಾರಿಯೇ ಇರಲಿಲ್ಲ.

ಆದರೂ ಕಾರು ನೋಡಲು ಹೊಸ ರೂಪದಂತೆಯೇ ಇತ್ತು. ಬಾಣದ ಮೊನೆಯಂತೆ ಚಾಚಿದ ಮುಂಬಂಪರ್, ಗಾಢ ಬಣ್ಣದ ಹಿಂದೀಪ, ಹೊಸ ಬಗೆಯ ಸ್ಟೀರಿಂಗ್ ಚಕ್ರ, ಎಲ್ಲವೂ 2008ರ ನಂತರದವು. ಬೆಳೆಗಾರರು 2014ರಲ್ಲಿ ಈ ಕಾರನ್ನು ಬೆಂಗಳೂರಿನ ಮೊದಲ ಮಾಲೀಕರಿಂದ ಕೊಂಡಾಗಲೇ ಹೀಗಿತ್ತಂತೆ. ಅವರು ಸುಳ್ಳು ಹೇಳಲಿಲ್ಲ. ಕಣ್ಣಿಗೆ ಕಂಡದ್ದನ್ನೂ ಕಾರ್ಡಿನಲ್ಲಿ ಇದ್ದದ್ದನ್ನೂ ಜೋಡಿಸಿ ನಂಬಿದ್ದರು. ರ‍್ಯಾಲಿಗಳ ಊರಾದ ಚಿಕ್ಕಮಗಳೂರಿನಲ್ಲಿ, ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಸುತ್ತುಗಳನ್ನೂ ಕಂಡಿರುವ ಈ ಸೀಮೆಯಲ್ಲಿ, ಕಾರಿನ ಹೊರಮೈ ಬದಲಿಸುವುದು ಯಾರಿಗೂ ಹೊಸದಲ್ಲ. ಅದನ್ನು ಮಾರುವಾಗ ಬಾಯಿಬಿಟ್ಟು ಹೇಳುವ ರೂಢಿ ಮಾತ್ರ ಇನ್ನೂ ಬೇರೂರಿಲ್ಲ.

ಹೀಗೆ 2002 ಮತ್ತು 2008 ಎರಡೂ ಬಿದ್ದುಹೋದ ಮೇಲೆ ಉಳಿದದ್ದು ವಿಮೆಯ 2007, ಮತ್ತು ಕಾರು ತಾನೇ ಏನು ಹೇಳುತ್ತದೆ ಎಂಬುದು. ಕಾರಿನ ಮೈಮೇಲೆ ಇಸವಿಗಳು ನೂರಾರಿವೆ, ಹುಡುಕುವ ತಾಳ್ಮೆ ಬೇಕು ಅಷ್ಟೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ ಕಾಲ ನಮೂದಾಗಿಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಹೆಸರುಗಳು ಇವುಗಳಿಂದಲೇ ವಿದ್ವಾಂಸರು ಅದನ್ನು ಕ್ರಿ.ಶ. ಸುಮಾರು 450ರ ಆಸುಪಾಸಿಗೆ ತಂದು ನಿಲ್ಲಿಸಿದರು. ಇಲ್ಲಿನ ಕೆಲಸವೂ ಅದೇ ಜಾತಿಯದು, ಕಾಲದ ವಿಸ್ತಾರ ಮಾತ್ರ ಬಹಳ ಚಿಕ್ಕದು.

ತರ್ಕ ಹೀಗಿದೆ. ಒಂದು ಬಿಡಿಭಾಗದ ಮೇಲೆ ಅದು ತಯಾರಾದ ಕಾಲ ಅಚ್ಚಾಗಿದ್ದರೆ, ಆ ಭಾಗವನ್ನು ಕಾರ್ಖಾನೆಯಲ್ಲಿಯೇ ಕೂರಿಸಿದ್ದರೆ, ಕಾರು ಅದಕ್ಕಿಂತ ಮೊದಲು ಜೋಡಣೆಯಾಗಿರಲಾರದು. ಆದ್ದರಿಂದ ಮೂಲದ ಭಾಗಗಳಲ್ಲಿ ಅತ್ಯಂತ ಈಚಿನದು ಯಾವುದೋ ಅದೇ ಕೆಳಗಿನ ಗಡಿ. ಕಾರು ಇನ್ನೊಬ್ಬರ ಕೈಯಲ್ಲಿ ಇದ್ದುದಕ್ಕೆ ಸಿಗುವ ಅತ್ಯಂತ ಹಿಂದಿನ ಪುರಾವೆ ಮೇಲಿನ ಗಡಿ. ಇಡೀ ಕಷ್ಟ ಇರುವುದು ‘ಮೂಲದ ಭಾಗ’ ಎಂಬಲ್ಲಿ. ಬದಲಾಯಿಸಿದ ಒಂದು ದೀಪವನ್ನು ಮೂಲದ್ದೆಂದು ತಿಳಿದರೆ ಲೆಕ್ಕ ಹಲವು ವರ್ಷ ಮುಂದಕ್ಕೆ ಜಾರುತ್ತದೆ. ಆದ್ದರಿಂದ ಸುಲಭವಾಗಿ ಬದಲಾಗುವ ಭಾಗಗಳನ್ನು ನಂಬದೆ, ಬಿಚ್ಚಲು ಯಾರೂ ಮನಸ್ಸು ಮಾಡದ ಭಾಗಗಳತ್ತ ಹೋಗಬೇಕು.

ಟೈರುಗಳನ್ನು ಮೊದಲೇ ಕೈಬಿಡಲಾಯಿತು. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಇಲ್ಲಿ ಅವು 2019ರವು, ಸಹಜವಾಗಿಯೇ. ಮುಂದಿನ ಗಾಜು 2012ರದು. ಜಲ್ಲಿ ಲಾರಿಯ ಹಿಂದೆ ಹೋಗಿ ಕಲ್ಲು ಬಡಿದದ್ದು ಬೆಂಗಳೂರಿನ ಹಳೆಯ ಮಾಲೀಕರಿಗೆ ನೆನಪಿತ್ತು. ಬಂಪರಿನ ಒಳಮೈಯಲ್ಲಿ 2010, ಹಿಂದೀಪಗಳಲ್ಲಿ 2009 ಇತ್ತು. ಗುರುತುಪಟ್ಟಿಯಲ್ಲಿರುವ 775 ಎಂಬ ಬಣ್ಣದ ಸಂಕೇತ ಇರಿಡಿಯಂ ಬೆಳ್ಳಿಯದು. ಬಂಪರಿನ ಬೆಳ್ಳಿ ಅದಕ್ಕಿಂತ ತುಸು ನೀಲಿಗೆ ತಿರುಗಿತ್ತು, ಬಿಸಿಲಿನಲ್ಲಿ ನಿಲ್ಲಿಸಿದಾಗ ಮಾತ್ರ ಕಾಣುವಷ್ಟು. ಇವುಗಳಿಂದ ಕಾರಿನ ವಯಸ್ಸು ತಿಳಿಯುವುದಿಲ್ಲ. ಆದರೆ ಹೊಸ ರೂಪದ ಭಾಗಗಳು ಹೊರಗಿನಿಂದ ಬಂದು ಸೇರಿದವು ಎಂಬುದು ತಿಳಿಯುತ್ತದೆ, ಮತ್ತು ಅದು ಸಣ್ಣ ಸಂಗತಿಯಲ್ಲ.

ಬಾಗಿಲುಗಳ ಗಾಜಿನ ಮೂಲೆಯಲ್ಲಿ ತಯಾರಕರ ಮುದ್ರೆಯ ಕೆಳಗೆ 6 ಎಂಬ ಒಂಟಿ ಅಂಕಿ ಇತ್ತು. ಅದು ವರ್ಷದ ಕೊನೆಯ ಅಂಕಿ. ಪಕ್ಕದ ಚುಕ್ಕಿಗಳು ತಿಂಗಳನ್ನು ಹೇಳುತ್ತವೆ. ಒಂಟಿ ಅಂಕಿಯಾದ್ದರಿಂದ ಅದು 1996, 2006, 2016 ಯಾವುದೂ ಆಗಬಹುದು. ಆದರೆ ಮೊದಲನೆಯ ಇಸವಿಯಲ್ಲಿ ಈ ಕಾರು ಹುಟ್ಟಿರಲಿಲ್ಲ, ಕೊನೆಯದರ ವೇಳೆಗೆ ಇದರ ತಯಾರಿಕೆ ನಿಂತು ವರ್ಷಗಳಾಗಿದ್ದವು. ಎರಡೂ ಬಾಗಿಲುಗಳಲ್ಲಿ ಹಾಗೂ ಮಡಚುವ ಛಾವಣಿಯ ಹಿಂಗಾಜಿನಲ್ಲಿ ಒಂದೇ ಅಂಕಿ ಇದ್ದದ್ದು ಅವು ಮೂಲದವೇ ಎಂಬುದಕ್ಕೆ ಬಲ ಕೊಟ್ಟಿತು. ಅಲಾಯ್ ಚಕ್ರಗಳನ್ನು ಬಿಚ್ಚಿ ಒಳಬದಿ ನೋಡಿದಾಗ ಎರಕದ ಗುರುತಿನಲ್ಲಿ 06 ಇತ್ತು. ಪ್ಲಾಸ್ಟಿಕ್ ಭಾಗಗಳ ಬೆನ್ನಲ್ಲಿ ಗಡಿಯಾರದ ಮುಖದಂಥ ಚಿಕ್ಕ ವೃತ್ತವೊಂದು ಅಚ್ಚಾಗಿರುತ್ತದೆ. ನಡುವೆ ವರ್ಷ, ಸುತ್ತ ಹನ್ನೆರಡು ತಿಂಗಳು, ಒಂದು ಬಾಣ. ಡ್ಯಾಶ್‌ಬೋರ್ಡಿನ ಕೆಳಗಿನ ಹೊದಿಕೆ ಮತ್ತು ಡಿಕ್ಕಿಯ ಒಳಹೊದಿಕೆಗಳಲ್ಲಿ ಬಾಣವು 2006ರ ಜೂನ್, ಜುಲೈಗಳತ್ತ ತೋರುತ್ತಿತ್ತು. ನಿರ್ಣಾಯಕವಾದದ್ದು ಸೀಟ್ ಬೆಲ್ಟ್. ಬೆಲ್ಟನ್ನು ಪೂರ್ತಿ ಹೊರಗೆಳೆದರೆ ಬುಡದಲ್ಲಿ ಹೊಲಿದ ಚೀಟಿ ಸಿಗುತ್ತದೆ. ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡ ಹೊರತು ಬೆಲ್ಟನ್ನು ಬದಲಿಸುವ ಪ್ರಸಂಗ ಅಪರೂಪ, ಈ ಕಾರಿನ ಏರ್‌ಬ್ಯಾಗ್ ಘಟಕದಲ್ಲಿ ಅಂಥ ದಾಖಲೆ ಇರಲಿಲ್ಲ. ಎಡಬದಿಯ ಬೆಲ್ಟಿನ ಚೀಟಿ 2006ರ 31ನೇ ವಾರದ್ದು, ಅಂದರೆ ಆಗಸ್ಟ್ ತಿಂಗಳ ಆರಂಭದ್ದು. ಬಿಚ್ಚಿ ನೋಡಿದ ಮೂಲಭಾಗಗಳಲ್ಲಿ ಅದಕ್ಕಿಂತ ಈಚಿನದು ಯಾವುದೂ ಸಿಗಲಿಲ್ಲ. ಕೆಳಗಿನ ಗಡಿ ಸಿಕ್ಕಿತು.

ಮೇಲಿನ ಗಡಿಗೆ ಸರ್ವಿಸ್ ಪುಸ್ತಕವೇ ಆಧಾರ. ಮಳೆಗಾಲದ ನಾಲ್ಕು ತಿಂಗಳೂ ತೋಟದ ಶೆಡ್ಡಿನಲ್ಲಿ ನಿಲ್ಲುವ ಕಾರು ಇದು. ಮೂಡಿಗೆರೆಯ ತೇವಕ್ಕೆ ಗ್ಲೋವ್ ಬಾಕ್ಸಿನ ಕಾಗದಗಳೆಲ್ಲ ಒಂದಕ್ಕೊಂದು ಅಂಟಿ ಹಲಗೆಯಾಗಿದ್ದವು. ನೆರಳಿನಲ್ಲಿ ನಿಧಾನವಾಗಿ ಒಣಗಿಸಿ ಹಾಳೆಗಳನ್ನು ಬಿಡಿಸಿದಾಗ ಮೊದಲ ಪುಟದಲ್ಲಿ, ಮಾರಾಟಕ್ಕೆ ಮುಂಚಿನ ತಪಾಸಣೆಯ ಮೊಹರು ಕಾಣಿಸಿತು: ಫೆಬ್ರವರಿ 2007. ಆ ವೇಳೆಗೆ ಕಾರು ಭಾರತದಲ್ಲಿತ್ತು. ಸಮುದ್ರಯಾನ ಮತ್ತು ಸುಂಕದ ಕಾಲವನ್ನು ಕಳೆದರೆ ಅದು 2006ರ ಅಂತ್ಯದೊಳಗೆ ಕಾರ್ಖಾನೆ ಬಿಟ್ಟಿರಲೇಬೇಕು. ಹೀಗೆ ಆಗಸ್ಟ್‌ನಿಂದ ಡಿಸೆಂಬರ್ 2006 ಎಂಬ ಐದು ತಿಂಗಳ ಕಿಂಡಿ ಉಳಿಯಿತು.

ಅಧಿಕೃತ ಸೇವಾ ಕೇಂದ್ರವೊಂದರಿಂದ ಚಾಸಿ ನಂಬರಿನ ಆಧಾರದ ಮೇಲೆ ಕಾರಿನ ದತ್ತಾಂಶ ಪತ್ರವನ್ನು ತರಿಸಿಕೊಳ್ಳಲಾಯಿತು. ಕಾರ್ಖಾನೆಯಿಂದ ಹೊರಡುವಾಗ ಕಾರಿನಲ್ಲಿ ಏನೇನಿತ್ತು ಎಂಬುದು ಆ ಪತ್ರದಲ್ಲಿ ಮೂರಂಕಿಯ ಸಂಕೇತಗಳಲ್ಲಿ ಇರುತ್ತದೆ. ಅದರಲ್ಲಿ ಜೋಡಣೆಯ ತಾರೀಖು ಇರಲಿಲ್ಲ, ಆದರೆ 807 ಎಂಬ ಸಂಕೇತ ಇತ್ತು. ಅದು 2007ರ ಮಾದರಿ ವರ್ಷದ ಗುರುತು. ಮಾದರಿ ವರ್ಷವು ಪಂಚಾಂಗದ ವರ್ಷದೊಂದಿಗೆ ಹೊಂದುವುದಿಲ್ಲ. ಹಿಂದಿನ ವರ್ಷದ ನಡುವಿನಲ್ಲಿಯೇ ಕಾರ್ಖಾನೆ ಮುಂದಿನ ಮಾದರಿ ವರ್ಷದ ಕಾರುಗಳನ್ನು ಕಟ್ಟಲು ತೊಡಗುತ್ತದೆ. ಆದ್ದರಿಂದ 2006ರ ಕೊನೆಯ ತಿಂಗಳುಗಳಲ್ಲಿ ಜೋಡಣೆಯಾದ ಕಾರು 2007ರ ಮಾದರಿ ಆಗಿರುವುದರಲ್ಲಿ ವಿರೋಧವೇ ಇಲ್ಲ. ವಿಮಾ ಪಾಲಿಸಿಯ 2007 ಎಲ್ಲಿಂದ ಬಂತು ಎಂಬುದೂ ಆಗ ಬಗೆಹರಿಯಿತು: ಮೊದಲ ಮಾರಾಟದ ಬಿಲ್ಲಿನಲ್ಲಿ ‘ಮಾಡೆಲ್ 2007’ ಎಂದು ಬರೆದಿತ್ತು, ಅದನ್ನೇ ಮೊದಲ ಪಾಲಿಸಿಯಲ್ಲಿ ತಯಾರಿಕೆಯ ವರ್ಷವಾಗಿ ತುಂಬಲಾಗಿತ್ತು, ಮುಂದೆ ಪ್ರತಿ ನವೀಕರಣದಲ್ಲಿಯೂ ಅದೇ ಸಾಗಿತ್ತು.

ಕಿಂಡಿಯನ್ನು ಮುಚ್ಚಿದ್ದು ಮಾತ್ರ ಒಂದು ಹಳೆಯ ಜೆರಾಕ್ಸ್ ಪ್ರತಿ. ಮೊದಲ ಮಾಲೀಕರು ಕಾರನ್ನು ಬ್ಯಾಂಕ್ ಸಾಲದಲ್ಲಿ ಕೊಂಡಿದ್ದರು. ಸಾಲ ತೀರಿದ ಮೇಲೆ ಬ್ಯಾಂಕ್ ಹಿಂದಿರುಗಿಸಿದ ಕಡತವನ್ನು ಅವರು ಎಸೆದಿರಲಿಲ್ಲ. ಅದರಲ್ಲಿ ನೋಂದಣಿಗಾಗಿ ಸಲ್ಲಿಸಿದ ಫಾರಂ 20ರ ಪ್ರತಿ ಇತ್ತು. ಆ ಅರ್ಜಿಯಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷಕ್ಕೆ ಪ್ರತ್ಯೇಕ ಕಾಲಂ ಇರುತ್ತದೆ. ಅಲ್ಲಿ 09/2006 ಎಂದು ಟೈಪಾಗಿತ್ತು. ಕಾರು ಒಂದು ವರ್ಷ ಶೋರೂಮಿನಲ್ಲಿ ಪ್ರದರ್ಶನಕ್ಕೆ ನಿಂತಿತ್ತು, ಆದ್ದರಿಂದಲೇ ರಿಯಾಯಿತಿ ದರದಲ್ಲಿ ಸಿಕ್ಕಿತು ಎಂದು ಅವರು ಫೋನಿನಲ್ಲಿ ತಿಳಿಸಿದರು. ಈ ಕಾಗದ ಮೊದಲೇ ಸಿಕ್ಕಿದ್ದರೆ ಅಷ್ಟೆಲ್ಲ ಬಿಚ್ಚುವ ಅಗತ್ಯವಿತ್ತೇ ಎಂದು ಖರೀದಿದಾರರು ಕೇಳಿದರು. ಅಗತ್ಯವಿತ್ತು. ಜೆರಾಕ್ಸ್ ಪ್ರತಿ ಒಂಟಿಯಾಗಿ ಬಂದಿದ್ದರೆ ಅದು ಆರ್‌ಸಿಯ ವಿರುದ್ಧ ಇನ್ನೊಂದು ಕಾಗದ ಮಾತ್ರ ಆಗುತ್ತಿತ್ತು. ಬೆಲ್ಟಿನ ಚೀಟಿ ಮತ್ತು ಸರ್ವಿಸ್ ಮೊಹರು ಮೊದಲೇ ಹಾಕಿಕೊಟ್ಟ ಗಡಿಯೊಳಗೆ ಅದು ತಾನಾಗಿ ಬಂದು ಬಿದ್ದದ್ದರಿಂದಲೇ ಅದಕ್ಕೆ ತೂಕ ಬಂತು.

ಎಂಜಿನ್ನಿನ ಪ್ರಶ್ನೆ ಉಳಿದಿತ್ತು. ಅದರ ಕ್ರಮಸಂಖ್ಯೆ 44ರಿಂದ ಆರಂಭವಾಗುವ ಆರಂಕಿಯದು, ಅಂದರೆ 468993ರ ಕೆಳಗಿನದು. ಹಳೆಯ ಹಲ್ಲುಚಕ್ರದ ಗುಂಪಿಗೆ ಸೇರಿದ್ದು. ಸರ್ವಿಸ್ ಪುಸ್ತಕದಲ್ಲಿ ಶಾಫ್ಟ್ ಬದಲಿಸಿದ ದಾಖಲೆ ಇರಲಿಲ್ಲ. ದೋಷಸಂಕೇತಗಳನ್ನು ಓದಿದಾಗ ಕ್ಯಾಮ್‌ಶಾಫ್ಟಿಗೆ ಸಂಬಂಧಿಸಿದ್ದು ಯಾವುದೂ ಸಂಗ್ರಹವಾಗಿರಲಿಲ್ಲ. ಕ್ಯಾಮ್‌ಶಾಫ್ಟಿನ ಮುಂತುದಿಯ ಮುಚ್ಚಳಗಳನ್ನು ತೆಗೆದು ಟೈಮಿಂಗ್ ಗುರುತುಗಳನ್ನು ನೋಡಿದಾಗ ಅವು ಇರಬೇಕಾದ ಸ್ಥಾನದಲ್ಲಿಯೇ ಇದ್ದವು. ಇಂದು ಸರಿ ಇದೆ ಎಂದಷ್ಟೇ ಇದರಿಂದ ಹೇಳಬಹುದು. ಕಡಿಮೆ ಓಡಿದ ಕಾರಾದ್ದರಿಂದ ಸವೆತ ಇನ್ನೂ ಕಾಣಿಸಿಕೊಳ್ಳದಿರಲೂಬಹುದು. ಖರೀದಿದಾರರಿಗೆ ಈ ಮಾತನ್ನು ವರದಿಯಲ್ಲಿ ಬರೆದುಕೊಡುವುದು ನನ್ನ ಕರ್ತವ್ಯವಾಗಿತ್ತು, ಬರೆದೆ.

ವರದಿಯ ತೀರ್ಮಾನ ಇಷ್ಟು: ಕಾರು ಬ್ರೆಮೆನ್‌ನಲ್ಲಿ 2006ರ ಸೆಪ್ಟೆಂಬರ್‌ನಲ್ಲಿ ತಯಾರಾದದ್ದು, ಕಾರ್ಖಾನೆಯ ಲೆಕ್ಕದಲ್ಲಿ 2007ರ ಮಾದರಿ, ಮೊದಲ ನೋಂದಣಿ 2008ರ ಮಾರ್ಚ್, ಹೊರಮೈಯ ಕೆಲವು ಭಾಗಗಳು 2008ರ ಪರಿಷ್ಕೃತ ರೂಪದಿಂದ ತಂದು ಕೂರಿಸಿದವು, ಎಂಜಿನ್ನು ಮೂಲದ್ದೇ, 272 ಅಶ್ವಶಕ್ತಿಯದು.

ಬೆಲೆಯ ಮಾತು ಮತ್ತೆ ಆರಂಭವಾಗಿ, ಪರಿಷ್ಕರಣೆಗೆ ಮೊದಲಿನ ಕಾರಿನ ದರಕ್ಕೆ ಇಳಿದು, ಅಲ್ಲಿಂದಲೂ ಶಾಫ್ಟಿನ ಬಾಬ್ತು ಸ್ವಲ್ಪ ಕಡಿತವಾಗಿ ಮುಗಿಯಿತು. ಬೆಳೆಗಾರರಿಗೆ ಬೇಸರವಾಯಿತು, ಆದರೆ ಎಂಜಿನ್ ನಂಬರನ್ನು ತಮ್ಮದೇ ಕಾರ್ಡಿನಲ್ಲಿ ಓದಿ ನೋಡಿದ ಮೇಲೆ ಅವರು ವಾದಿಸಲಿಲ್ಲ. ಮಾಲೀಕತ್ವದ ವರ್ಗಾವಣೆಗೆ ಫಾರಂ 29 ಮತ್ತು 30ಕ್ಕೆ ಸಹಿ ಹಾಕುವ ಮೊದಲು ತಯಾರಿಕೆಯ ತಿಂಗಳನ್ನು ತಿದ್ದಿಸಿಕೊಳ್ಳುವುದು ಒಳ್ಳೆಯದೆಂದು ಸೂಚಿಸಿದೆ. ಮಾರುವವರ ಹೆಸರಿನಲ್ಲಿರುವಾಗಲೇ ಅವರ ಅರ್ಜಿ, ಫಾರಂ 20ರ ಪ್ರತಿ, ದತ್ತಾಂಶ ಪತ್ರ, ಮೌಲ್ಯಮಾಪನ ವರದಿ ಇವನ್ನು ಒಟ್ಟಿಗೆ ಸಲ್ಲಿಸಿದರೆ, ನಂತರ ಹೊಸ ಮಾಲೀಕರು ಒಬ್ಬರೇ ವಿವರಣೆ ಕೊಡುತ್ತಾ ಓಡಾಡುವುದು ತಪ್ಪುತ್ತದೆ. ಅದರಂತೆಯೇ ಅರ್ಜಿ ಸಲ್ಲಿಕೆಯಾಯಿತು. ವಿಮಾ ಕಂಪನಿಗೂ ಪಾಲಿಸಿಯ ವರ್ಷ ತಿದ್ದಲು ಪತ್ರ ಹೋಯಿತು.

ಈ ತಿದ್ದುಪಡಿಯಿಂದ ಕಾರಿನ ನೋಂದಣಿಯ ಅವಧಿ ಕಡಿಮೆಯಾಗುತ್ತದೆಯೇ ಎಂದು ಖರೀದಿದಾರರು ಕಡೆಯದಾಗಿ ಕೇಳಿದರು. ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 41ನೇ ಕಲಮಿನಂತೆ ಖಾಸಗಿ ಕಾರಿನ ಆರ್‌ಸಿಗೆ ಹದಿನೈದು ವರ್ಷದ ಲೆಕ್ಕ ನಡೆಯುವುದು ಅದನ್ನು ಕೊಟ್ಟ ದಿನದಿಂದ, ತಯಾರಾದ ದಿನದಿಂದಲ್ಲ. ಬೆಳೆಗಾರರು 2023ರಲ್ಲಿ ಅದನ್ನು ಐದು ವರ್ಷಕ್ಕೆ ನವೀಕರಿಸಿದ್ದರು. ಆಮದು ಕಾರಾದ್ದರಿಂದ ಸಾಮಾನ್ಯ ಕಾರಿನ 5,000 ರೂಪಾಯಿಯ ಬದಲು 40,000 ರೂಪಾಯಿ ಕಟ್ಟಿದ ರಸೀದಿ ಕಡತದಲ್ಲಿಯೇ ಇತ್ತು. ಮುಂದಿನ ನವೀಕರಣ 2028ರ ಮಾರ್ಚ್‌ನಲ್ಲಿ, ಹೊಸ ಮಾಲೀಕರ ಹೆಸರಿನಲ್ಲಿ.